ಎರೆಭೂಮಿಯಿಂದ ಕಂಬಗಲ್ಲಿನ ದ್ವೀಪಕ್ಕೆ

ನಮ್ಮ ಮೈಂದರ್ಗಿಯ ಸುತ್ತಲಿನ ಹೊಲಗಳನ್ನು ಚೈತ್ರ-ವೈಶಾಖದ ಬಿಸಿಲಿನಲ್ಲಿ ನೋಡಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಹಿಂಗಾರಿ ಜೋಳದ ರಾಶಿ ಮುಗಿದು ಹೊಲ ಬರಿದಾದ ಮೇಲೆ ಎರೆಮಣ್ಣು ಒಣಗಿ ಬಾಯಿ ಬಿಡುತ್ತದೆ. ಆ ಬಿರುಕುಗಳು ಕೆಲವೆಡೆ ಎಷ್ಟು ಆಳವೆಂದರೆ, ದನ ಕಾಯುವ ಹುಡುಗನ ಕೋಲು ಅದರೊಳಗೆ ಅರ್ಧದಷ್ಟು ಇಳಿದುಬಿಡುತ್ತದೆ. ಮೇಲಿನಿಂದ ನೋಡಿದರೆ ನೆಲವೆಲ್ಲ ಐದು ಮೂಲೆ, ಆರು ಮೂಲೆಗಳ ಬಿಲ್ಲೆಗಳಾಗಿ ಒಡೆದಂತೆ ಕಾಣುತ್ತದೆ. ಇದನ್ನು ನಾವು ನೂರು ಸಲ ತುಳಿದು ನಡೆದಿದ್ದೇವೆ. ನಿಂತು ನೋಡಿದ್ದು ಕಡಿಮೆ.

ಈ ಎರೆಮಣ್ಣಿನ ಕೆಳಗೆ ಏನಿದೆ? ಬಾವಿ ತೋಡಿಸಿದವರನ್ನು ಕೇಳಿದರೆ ಸಾಕು. ಮೊದಲು ಎರೆ, ಬಳಿಕ ಮುರುಮು, ಅದರ ಕೆಳಗೆ ಸುತ್ತಿಗೆಗೂ ಬಗ್ಗದ ಕರಿಕಲ್ಲು. ನಮ್ಮ ತಾಯಂದಿರು ಹಿಟ್ಟು ಬೀಸಿದ್ದು ಈ ಕಲ್ಲಿನಲ್ಲಿ. ಖಾರ ಕುಟ್ಟಿದ್ದು ಈ ಕಲ್ಲಿನ ಒರಳಿನಲ್ಲಿ. ಹಳೆಯ ವಾಡೆಗಳ ಗೋಡೆ ಕಟ್ಟಿದ್ದು ಈ ಕಲ್ಲಿನಿಂದ. ಭೂವಿಜ್ಞಾನಿಗಳು ಇದಕ್ಕೆ ಬಸಾಲ್ಟ್ ಎಂಬ ಹೆಸರಿಟ್ಟಿದ್ದಾರೆ. ಇದು ಒಂದು ಕಾಲದಲ್ಲಿ ಭೂಗರ್ಭದಿಂದ ಉಕ್ಕಿ ಹರಿದ ಬೆಂಕಿಯ ದ್ರವ, ಅಂದರೆ ಲಾವಾ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಪರ್ವತದ ಬಾಯಿಯಿಂದ ಮಾತ್ರವಲ್ಲದೆ ನೆಲದ ಉದ್ದನೆಯ ಸೀಳುಗಳಿಂದಲೂ ಅದು ಮತ್ತೆ ಮತ್ತೆ ಉಕ್ಕಿ ಪದರದ ಮೇಲೆ ಪದರವಾಗಿ ಹರಡಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ಪ್ರದೇಶವನ್ನು ಅದು ಮುಚ್ಚಿಕೊಂಡಿದೆ. ಸಹ್ಯಾದ್ರಿಯ ಕಡೆ ಅದರ ದಪ್ಪ ಸುಮಾರು 2 ಕಿಲೋಮೀಟರು. ನಮ್ಮ ಕಡೆಗೆ ಬರುಬರುತ್ತ ತೆಳುವಾಗುತ್ತದೆ. ಪದರಗಳ ಅಂಚು ಗುಡ್ಡಗಳಲ್ಲಿ ಮೆಟ್ಟಿಲುಗಳಂತೆ ಕಾಣುವುದರಿಂದ, ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಶಬ್ದದಿಂದ ಇದಕ್ಕೆ ದಖ್ಖನ್ ಟ್ರ್ಯಾಪ್ ಎಂದು ಹೆಸರು ಬಂದಿದೆ. ಸೋಲಾಪುರ, ಅಕ್ಕಲಕೋಟೆ, ಮೈಂದರ್ಗಿ, ದುಧನಿ ಎಲ್ಲವೂ ಕುಳಿತಿರುವುದು ಈ ಆರಿದ ಬೆಂಕಿಯ ಮೇಲೆಯೇ. ಆ ಕಲ್ಲು ಯುಗಯುಗಗಳ ಕಾಲ ಸವೆದು ನಮ್ಮ ಎರೆಮಣ್ಣಾಯಿತು.

ಹೀಗಿರುವಾಗ, ಲಾವಾದ ಮೇಲೆ ಹುಟ್ಟಿ, ಲಾವಾದ ಮಣ್ಣಿನಲ್ಲಿ ಬೆಳೆದ ಜೋಳವನ್ನುಂಡು, ಲಾವಾದ ಕಲ್ಲಿನ ಮನೆಯಲ್ಲಿ ಮಲಗುವ ನಾವು, ಇನ್ನೊಂದು ಲಾವಾದ ನೆಲವನ್ನು ನೋಡಲು ಸಮುದ್ರದವರೆಗೆ ಹೋಗಬೇಕೆ? ವಾಚಕರು ಕೇಳಬಹುದಾದ ಈ ಪ್ರಶ್ನೆಯನ್ನು ನಮ್ಮೂರ ಪಾಲಕರು ಮೊದಲೇ ಕೇಳಿದ್ದಾರೆ.

ಪಾಲಕರ ಸಭೆಯಲ್ಲಿ

ನಮ್ಮ ಶಾಲೆಯ ಮಕ್ಕಳಿಗೆ ಭೂಗೋಳದ ಪಾಠದಲ್ಲಿ ಜ್ವಾಲಾಮುಖಿಯ ಚಿತ್ರ ತೋರಿಸುವಾಗಲೆಲ್ಲ ಅವರು ಅದನ್ನು ದೂರದ ಜಪಾನಿನ ಅಥವಾ ಇಟಲಿಯ ಸಂಗತಿಯೆಂದೇ ತಿಳಿಯುತ್ತಾರೆ. ಪುಸ್ತಕದ ಪರ್ವತಕ್ಕೂ ತಮ್ಮ ಹೊಲದ ಕಲ್ಲಿಗೂ ಸಂಬಂಧವುಂಟೆಂದು ಹೇಳಿದರೆ ನಕ್ಕುಬಿಡುತ್ತಾರೆ. ಆದುದರಿಂದ ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಒಂದು ದಿನದ ಪ್ರವಾಸವನ್ನು ಏರ್ಪಡಿಸಬೇಕೆಂಬ ವಿಚಾರವನ್ನು ಪಾಲಕರ ಸಭೆಯ ಮುಂದಿಟ್ಟೆ.

ಹಿರಿಯ ರೈತರೊಬ್ಬರು ಎದ್ದು, "ಕಲ್ಲ ನೋಡಾಕ ಅಷ್ಟ ದೂರ ಹೋಗೂದ್ಯಾಕ್ರೀ ಮಾಸ್ತರ್ರ? ನಮ್ಮ ಹೊಲದಾಗ ಕಲ್ಲಿಗೇನ ಬರಾ ಬಂದೈತೇನ್ರಿ?" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ಸರಿಯಾದುದೇ. ನಾನು ಕೊಟ್ಟ ಉತ್ತರವಿಷ್ಟೆ: "ಯಜಮಾನ್ರ, ನಮ್ಮ ಹೊಲದಾಗಿನ ಕಲ್ಲು ಮಣ್ಣಿನ್ಯಾಗ ಮುಚ್ಚಿಕೊಂಡೈತಿ. ಅಲ್ಲಿ ಸಮುದ್ರ ಆ ಮಣ್ಣ ತೊಳದು ಕಲ್ಲ ಬಿಚ್ಚಿ ಇಟ್ಟೈತಿ. ಅಲ್ಲಿ ನೋಡಿ ಬಂದ ಹುಡುಗಗ ಇಲ್ಲಿ ತನ್ನ ಬಾವಿಯೊಳಗ ಕಾಣಾಕ ಸುರು ಆಗತೈತಿ."

ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿ, "ನನ್ನ ಮಗಳು ಸಮುದ್ರಾ ನೋಡಿಲ್ರಿ. ನಾನೂ ನೋಡಿಲ್ಲ. ನೀರಿನ್ಯಾಗ ಇಳಸೂದಿಲ್ಲಂತ ಮಾತ ಕೊಡ್ರಿ, ಕಳಸ್ತೀನಿ" ಎಂದರು. ನಾನು ಮಾತು ಕೊಟ್ಟೆ. ಈ ಪ್ರವಾಸದ ಯೋಜನೆಯೆಲ್ಲವೂ ಆ ಒಂದು ಮಾತಿನ ಸುತ್ತಲೇ ಹೆಣೆದುದಾಗಿದೆ. ಆಕೆಯ ಮಾತಿನ ಉತ್ತರಾರ್ಧವೂ ನನ್ನ ಮನಸ್ಸಿನಲ್ಲಿ ಉಳಿಯಿತು. ಸಮುದ್ರವನ್ನು ನೋಡದವಳು ಮಗಳೊಬ್ಬಳೇ ಅಲ್ಲವಷ್ಟೆ! ಆದುದರಿಂದ ತಾಯಂದಿರೂ ಬರಬಹುದೆಂದು ಅದೇ ಸಭೆಯಲ್ಲಿ ನಿಶ್ಚಯವಾಯಿತು. ಮಕ್ಕಳನ್ನು ಕರೆದೊಯ್ಯುವ ಸ್ಥಳವನ್ನು ಉಪಾಧ್ಯಾಯನು ಮೊದಲು ತಾನೇ ನೋಡಿರಬೇಕು. ಇದು ನಮಗೆ ಶಿಕ್ಷಕರ ತರಬೇತಿಯಲ್ಲಿ ಕಲಿಸಿದ ಪಾಠ. ಅದರಂತೆ ಚಳಿಗಾಲದಲ್ಲಿ ಒಮ್ಮೆ ಹೋಗಿ ನೋಡಿ ಬಂದೆ. ಅಲ್ಲಿ ಕಂಡುದನ್ನೂ ಅದರಿಂದ ಮಾಡಿದ ಯೋಜನೆಯನ್ನೂ ಇಲ್ಲಿ ಅರುಹುತ್ತೇನೆ. ಗಡಿಯ ಈಚೆಗಿನ ಬೇರೆ ಊರುಗಳ ಕುಟುಂಬಗಳಿಗೂ ಇದು ಉಪಯೋಗವಾದೀತು.

ಬದುಕಿರುವ ಜ್ವಾಲಾಮುಖಿ, ಆರಿದ ಜ್ವಾಲಾಮುಖಿ

ಜ್ವಾಲಾಮುಖಿಯ ದ್ವೀಪವೆಂದ ಕೂಡಲೇ ಹೊಗೆ, ಬೆಂಕಿ, ಗಂಧಕದ ವಾಸನೆ ಕಣ್ಣಮುಂದೆ ಬರುವುದು ಸಹಜ. ಅಂಥ ದ್ವೀಪ ನಮ್ಮ ದೇಶದಲ್ಲಿಯೂ ಒಂದುಂಟು. ಅಂಡಮಾನ್ ಸಮುದ್ರದ ಬ್ಯಾರೆನ್ ದ್ವೀಪವೇ ಭಾರತದ ಏಕಮಾತ್ರ ಸಜೀವ ಜ್ವಾಲಾಮುಖಿ. 1787ರಲ್ಲಿ ಅದು ಉಗುಳಿದ ದಾಖಲೆಯಿದೆ; ಹತ್ತೊಂಬತ್ತನೆಯ ಶತಮಾನದ ಬಳಿಕ ದೀರ್ಘಕಾಲ ಮಲಗಿದ್ದು 1991ರಲ್ಲಿ ಮತ್ತೆ ಎದ್ದಿತು. ಅದನ್ನು ಹಡಗಿನಿಂದ ನೋಡಬಹುದಲ್ಲದೆ ಅದರ ಮೇಲೆ ಯಾತ್ರಿಕರು ಓಡಾಡುವಂತಿಲ್ಲ.

ಈ ಕಟ್ಟುಪಾಡು ಅತಿಯಾಯಿತೆಂದು ಯಾರೂ ತಿಳಿಯಬಾರದು. ನ್ಯೂಜಿಲೆಂಡಿನಲ್ಲಿ ಫಕಾರಿ ಎಂಬ ಜ್ವಾಲಾಮುಖಿಯ ದ್ವೀಪವಿದೆ; ವೈಟ್ ಐಲೆಂಡ್ ಎಂದೂ ಅದನ್ನು ಕರೆಯುವರು. ದಿನದ ಮಟ್ಟಿಗೆ ದೋಣಿಯಲ್ಲಿ ಹೋಗಿ ಅದರ ಬಾಯಿಯವರೆಗೆ ನಡೆದು ಬರುವ ಪ್ರವಾಸಗಳು ಅಲ್ಲಿ ನಡೆಯುತ್ತಿದ್ದವು. 2019ರ ಡಿಸೆಂಬರ್ 9ರ ಮಧ್ಯಾಹ್ನ ಅದು ಹಠಾತ್ತನೆ ಸಿಡಿದಾಗ ದ್ವೀಪದ ಮೇಲೆ 47 ಜನರಿದ್ದರು; ಅವರಲ್ಲಿ 22 ಜನ ಪ್ರಾಣ ಕಳೆದುಕೊಂಡರು. ಬದುಕಿರುವ ಬೆಂಕಿಯೊಡನೆ ಸಲುಗೆ ಸಲ್ಲದು.

ಮಲ್ಪೆಯ ದ್ವೀಪದಲ್ಲಿ ಆ ಭಯವಿಲ್ಲ. ಅಲ್ಲಿಯ ಲಾವಾ ಆರಿ ಸುಮಾರು 8 ಕೋಟಿ 50 ಲಕ್ಷದಿಂದ 9 ಕೋಟಿ ವರ್ಷಗಳಾದುವು. ನಮ್ಮ ಎರೆಹೊಲದ ಕೆಳಗಿನ ಕರಿಕಲ್ಲಿಗಿಂತ ಅದು ಎರಡು ಕೋಟಿ ವರ್ಷಕ್ಕೆ ಹಿರಿಯದು. ಅಲ್ಲಿ ಎಚ್ಚರ ವಹಿಸಬೇಕಾದುದು ಬೆಂಕಿಯ ವಿಷಯದಲ್ಲಲ್ಲ, ನೀರಿನ ವಿಷಯದಲ್ಲಿ. ಅದನ್ನು ಮುಂದೆ ವಿವರಿಸುವೆ.

ದಾರಿಯೇ ಒಂದು ಪಾಠ

ಮೈಂದರ್ಗಿಯಿಂದ ಭೀಮೆಯನ್ನು ದಾಟಿ ವಿಜಯಪುರ ಸೇರಿದರೆ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52 ನೇರವಾಗಿ ಹುಬ್ಬಳ್ಳಿಯ ಮೇಲಿಂದ ಅಂಕೋಲೆಯ ಕಡಲಿಗೆ ಒಯ್ಯುತ್ತದೆ. ಸೋಲಾಪುರದವರಿಗೆ ಮನೆಯಿಂದಲೇ ಇದೇ ಹೆದ್ದಾರಿ. ಅಂಕೋಲೆಯಿಂದ ದಕ್ಷಿಣಕ್ಕೆ ತಿರುಗಿ ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರಗಳನ್ನು ಹಾಯ್ದರೆ ಉಡುಪಿ. ಒಟ್ಟು ದೂರ ಆರುನೂರು ಕಿಲೋಮೀಟರಿಗೆ ಸಮೀಪ. ಈ ಹಾದಿಯಲ್ಲಿ ಕಿಟಕಿಯ ಬದಿಗೆ ಕುಳಿತ ಮಗುವಿಗೆ ಪುಸ್ತಕವೇ ಬೇಕಿಲ್ಲ.

ವಿಜಯಪುರದವರೆಗೆ ನಮ್ಮದೇ ಕರಿನೆಲ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋರಿಯಾದ ಗೋಳಗುಮ್ಮಟವು ಇದೇ ಕಪ್ಪು ಲಾವಾಕಲ್ಲಿನ ಕಟ್ಟಡ. ಅದರ ಪಿಸುಗುಟ್ಟುವ ಗ್ಯಾಲರಿಯ ಸೋಜಿಗವನ್ನು ಎಲ್ಲರೂ ಹೇಳುತ್ತಾರೆ; ಅದರ ಕಲ್ಲು ನಮ್ಮ ಬಾವಿಯ ಕಲ್ಲಿನ ಜಾತಿಯದೇ ಎಂಬುದನ್ನು ಯಾರೂ ಹೇಳುವುದಿಲ್ಲ. ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ, ಘಟಪ್ರಭೆಯನ್ನೂ ದಾಟಿ ಮುಂದೆ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತದೆ. ಕೆರೂರಿನ ಸುತ್ತಮುತ್ತ ಕಾಣುವುದು ಕೆಂಪು ಮರಳುಗಲ್ಲಿನ ಗುಡ್ಡಗಳು. ಅಲ್ಲಿಂದ ದೂರವಲ್ಲದ ಬಾದಾಮಿಯಲ್ಲಿ ಆರನೆಯ ಶತಮಾನದಲ್ಲಿ ಚಾಲುಕ್ಯರು ಗುಹಾದೇವಾಲಯಗಳನ್ನು ಕೊರೆಸಿದ್ದು ಇಂಥ ಕಲ್ಲಿನಲ್ಲಿ. ಇದು ಬೆಂಕಿಯ ಮಗುವಲ್ಲ, ನೀರಿನ ಮಗು. ಪುರಾತನ ಕಾಲದಲ್ಲಿ ನೀರು ತಂದು ಹರಡಿದ ಮರಳು ಗಟ್ಟಿಯಾಗಿ ಆದುದು. ನಮ್ಮ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದಿನ ಫರಸಿಯೂ ನೀರಿನಡಿಯಲ್ಲಿ ಸಂಗ್ರಹವಾದ ಸುಣ್ಣದ ಕಲ್ಲೇ. ಹಳೆಯ ಮನೆಯೊಂದರ ಗೋಡೆ ಬೆಂಕಿಯದು, ನೆಲ ನೀರಿನದು ಎಂದು ಮಕ್ಕಳಿಗೆ ಹೇಳಿದರೆ ಅವರ ಕಣ್ಣರಳುವುದನ್ನು ನೋಡಬೇಕು.

ಮಲಪ್ರಭೆಯನ್ನು ದಾಟಿದ ಬಳಿಕ ನರಗುಂದ, ನವಲಗುಂದಗಳಲ್ಲಿ ಮತ್ತೆ ಎರೆಹೊಲ ಕಾಣುತ್ತದೆ. ಎರೆ ಕಂಡಲ್ಲೆಲ್ಲ ಅಡಿಯಲ್ಲಿ ನಮ್ಮ ಲಾವಾವೇ ಇರಬೇಕೆಂಬ ನಿಯಮವಿಲ್ಲ. ಇಲ್ಲಿಯ ಬುನಾದಿ ಬೇರೆ, ಬಹು ಪುರಾತನವಾದ ಶಿಲೆಗಳದು. ನಾಡಿನ ಈ ಬುನಾದಿಯ ಶಿಲೆಗಳಲ್ಲಿ 300 ಕೋಟಿ ವರ್ಷಗಳಷ್ಟು ಹಳೆಯವೂ ಉಂಟು. ಘಟ್ಟ ಇಳಿದು ಕರಾವಳಿಗೆ ಬಂದರೆ ಇಟ್ಟಿಗೆಯಂತೆ ಕತ್ತರಿಸಿ ತೆಗೆಯುವ ಕೆಂಪು ಮುರಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬುಕಾನನ್ ಎಂಬವನು ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟನು. ಇಷ್ಟು ಬಗೆಯ ನೆಲವನ್ನು ಹಾಯ್ದು ಬಂದ ಮೇಲೆ, ಕಡಲಿನ ನಡುವೆ ಮತ್ತೆ ಲಾವಾ ನಮ್ಮನ್ನು ಎದುರುಗೊಳ್ಳುವುದು ನಿಜವಾಗಿ ಸೋಜಿಗವೇ ಸರಿ.

ಮಲ್ಪೆಯಲ್ಲಿ

ಮಲ್ಪೆಯು ಉಡುಪಿಯ ಪಶ್ಚಿಮಕ್ಕೆ ನಾಲ್ಕೈದು ಮೈಲಿನೊಳಗೇ ಇರುವ ಮೀನುಗಾರಿಕೆಯ ದೊಡ್ಡ ಬಂದರು. ಉಡುಪಿಯ ಶ್ರೀಕೃಷ್ಣನ ವಿಗ್ರಹವು ಗೋಪೀಚಂದನದ ಗಡ್ಡೆಯೊಳಗೆ ಹುದುಗಿ ಹಡಗಿನಲ್ಲಿ ಬಂದುದು, ಬಿರುಗಾಳಿಗೆ ಸಿಕ್ಕಿದ ಆ ಹಡಗನ್ನು ಶ್ರೀ ಮಧ್ವಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ದಡ ಸೇರಿಸಿದುದು, ಇದೇ ಕಡಲಿನಲ್ಲಿ ಎಂಬುದು ಪ್ರಸಿದ್ಧವಾದ ಐತಿಹ್ಯ. ಸಮೀಪದಲ್ಲಿ ಬಲರಾಮನ ವಡಭಾಂಡೇಶ್ವರ ದೇವಾಲಯವಿದೆ.

ದ್ವೀಪವು ಮಲ್ಪೆಯಿಂದ ಸುಮಾರು 6 ಕಿಲೋಮೀಟರು ದೂರ. ಬಂದರಿನಿಂದ ಯಂತ್ರದ ದೋಣಿಗಳು ಹೋಗುತ್ತವೆ. ಅರ್ಧ ಗಂಟೆಯ ಪ್ರಯಾಣ. ನಿಗದಿಯಾದಷ್ಟು ಜನ ಕೂಡಿದ ಮೇಲೆಯೇ ದೋಣಿ ಹೊರಡುವುದರಿಂದ, ನಮ್ಮಂತೆ ಗುಂಪಾಗಿ ಬಂದವರಿಗೆ ಕಾಯುವ ಕಷ್ಟ ಕಡಿಮೆ. ಮಳೆಗಾಲದಲ್ಲಿ, ಜೂನಿನಿಂದ ಸಾಮಾನ್ಯವಾಗಿ ಸೆಪ್ಟೆಂಬರಿನ ವರೆಗೆ, ಕಡಲು ಉಗ್ರವಾಗಿರುವುದರಿಂದ ದೋಣಿಗಳು ನಿಂತಿರುತ್ತವೆ. ಬೇಸಗೆಯಲ್ಲಿ ಹೋದರೆ ನೆರಳಿಲ್ಲದ ಬಂಡೆಗಳು ಕಾದು ಕಾಲು ಸುಡುತ್ತವೆ. ಆದುದರಿಂದ ಡಿಸೆಂಬರ್ ಮತ್ತು ಜನವರಿ ಪ್ರಶಸ್ತ ಕಾಲ.

ದೋಣಿ ಬಂದರಿನ ಬಾಯಿಯನ್ನು ದಾಟಿದೊಡನೆ ಅಲೆಯ ಏರಿಳಿತ ಗೊತ್ತಾಗತೊಡಗುತ್ತದೆ. ನಮ್ಮ ಕೆರೆಗಳ ನೀರನ್ನು ಮಾತ್ರ ಕಂಡವರಿಗೆ ಎದೆ ಒಮ್ಮೆ ಝಲ್ಲೆನ್ನುವುದುಂಟು. ಆಗ ದೂರದಲ್ಲಿ ತೆಂಗಿನ ತಲೆಗಳು, ಅವುಗಳ ಕೆಳಗೆ ಒಂದು ಕಪ್ಪು ಗೆರೆ ಕಾಣುತ್ತದೆ. ಹತ್ತಿರ ಹೋದಂತೆ ಆ ಗೆರೆ ಒಡೆದು ಸಾಲು ಸಾಲು ಕಂಬಗಳಾಗುತ್ತದೆ.

ಕಲ್ಲಿನ ಕಂಬಗಳು

ಸೇಂಟ್ ಮೇರೀಸ್ ಎಂಬುದು ಒಂದೇ ದ್ವೀಪವಲ್ಲ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್ ಗಡ, ದಕ್ಷಿಣ ದ್ವೀಪ ಎಂದು ನಾಲ್ಕು ಮುಖ್ಯ ನಡುಗಡ್ಡೆಗಳಿವೆ. ಯಾತ್ರಿಕರು ಹೋಗುವುದು ತೆಂಗಿನ ದ್ವೀಪಕ್ಕೆ. ಸ್ಥಳೀಯರು ಇದನ್ನು ತೋನ್ಸೆಪಾರ್ ಎನ್ನುತ್ತಾರೆ. ಪೋರ್ಚುಗೀಸರ ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಸಂತ ಮೇರಿಯ ಹೆಸರಿಟ್ಟನೆಂದು ಹೇಳುವರು. ದ್ವೀಪದ ಉದ್ದ ಸುಮಾರು 500 ಮೀಟರು, ಅಗಲ ಸುಮಾರು 100 ಮೀಟರು. ಅಂದರೆ ನಮ್ಮ ಕಡೆಯ ಹತ್ತು ಹನ್ನೆರಡು ಎಕರೆಯ ಒಂದು ಹೊಲದಷ್ಟು! ಮಕ್ಕಳಿಗೆ ಹೀಗೆಯೇ ಹೇಳಬೇಕು. ಅಳತೆ ಆಗ ಅವರ ಕೈಗೆ ಸಿಗುತ್ತದೆ. ದಡದಲ್ಲಿ ಮರಳಿಗಿಂತ ಹೆಚ್ಚಾಗಿ ಒಡೆದ ಚಿಪ್ಪುಗಳ ರಾಶಿ. ಒಳಗೆ ತೆಂಗಿನ ಮರಗಳು. ಇಲ್ಲಿ ಜನವಸತಿಯಿಲ್ಲ, ರಾತ್ರಿ ತಂಗುವಂತೆಯೂ ಇಲ್ಲ.

ದ್ವೀಪದ ಹಿರಿಮೆಯಿರುವುದು ಕಂಬಗಳಲ್ಲಿ. ಯಾರೋ ಶಿಲ್ಪಿ ಅಳತೆಪಟ್ಟಿ ಹಿಡಿದು ಕಡೆದು ನಿಲ್ಲಿಸಿದಂತೆ, ಒಂದಕ್ಕೊಂದು ಒತ್ತಿಕೊಂಡು ನಿಂತ ಸಾವಿರಾರು ಕಲ್ಲುಕಂಬಗಳು. ಕೆಲವು ಮಂಡಿಯೆತ್ತರ, ಕೆಲವು ಆಳೆತ್ತರ. ಅತ್ಯಂತ ಎತ್ತರದವು ಸುಮಾರು 6 ಮೀಟರು. ತಲೆಯನ್ನು ನೋಡಿದರೆ ಹಲವಕ್ಕೆ ಆರು ಮೂಲೆ, ಕೆಲವಕ್ಕೆ ಐದು, ಇನ್ನು ಕೆಲವಕ್ಕೆ ಏಳು. ಜೇನುಹಲ್ಲೆಯನ್ನು ಕಲ್ಲಿನಲ್ಲಿ ಎರಕ ಹೊಯ್ದಂತೆ! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಇದು ಹೇಗಾಯಿತು? ಉತ್ತರ ನಮ್ಮ ಎರೆಹೊಲದಲ್ಲಿದೆ. ಹಸಿಯಾಗಿದ್ದ ಜಿಗುಟು ಮಣ್ಣು ಒಣಗುವಾಗ ಕುಗ್ಗುತ್ತದೆ; ಕುಗ್ಗಲು ಎಲ್ಲ ಕಡೆಯಿಂದಲೂ ಎಳೆತ ಬಿದ್ದು ನೆಲ ಬಿರಿಯುತ್ತದೆ. ಬಿರುಕುಗಳು ಒಂದನ್ನೊಂದು ಸಂಧಿಸುತ್ತ ಮೂಲೆಗಳಾಗುತ್ತವೆ. ಲಾವಾದ ಕಥೆಯೂ ಹೀಗೆಯೇ. ಮಣ್ಣು ಕಳೆದುಕೊಳ್ಳುವುದು ನೀರನ್ನು. ಲಾವಾ ಕಳೆದುಕೊಳ್ಳುವುದು ಕಾವನ್ನು. ಹರಿದು ನಿಂತ ಲಾವಾ ಮೇಲ್ಮೈಯಿಂದಲೂ ತಳದಿಂದಲೂ ಆರತೊಡಗಿ ಗಟ್ಟಿಯಾಗಿ ಕುಗ್ಗುತ್ತದೆ. ಎಳೆತ ಎಲ್ಲ ದಿಕ್ಕಿನಲ್ಲೂ ಸಮನಾಗಿದ್ದರೆ ಮೂರು ಬಿರುಕುಗಳು ಒಂದೆಡೆ ಕೂಡಿ, ನಡುವೆ 120 ಅಂಶದ ಕೋನಗಳನ್ನು ಮಾಡುತ್ತವೆ. ಅಂಥ ಬಿರುಕುಗಳು ಸುತ್ತ ಕೂಡಿದರೆ ಆರು ಮೂಲೆ ತಾನಾಗಿಯೇ ಬರುತ್ತದೆ. ಒಳಗಿನ ಲಾವಾ ಆರುತ್ತ ಹೋದಂತೆ ಬಿರುಕೂ ಆಳಕ್ಕೆ ಇಳಿಯುತ್ತ ಹೋಗಿ ಉದ್ದನೆಯ ಕಂಬಗಳಾಗುತ್ತವೆ. ಆರುವಿಕೆ ನಿಧಾನವಾಗಿ, ಒಂದೇ ಸಮನೆ ನಡೆದಲ್ಲಿ ಮಾತ್ರ ಇಂಥ ಅಂದ ಮೂಡುತ್ತದೆ.

ಐರ್ಲೆಂಡಿನ ಉತ್ತರ ತೀರದಲ್ಲಿ ದೈತ್ಯರ ಕಾಲುದಾರಿ ಎಂದು ಹೆಸರಾದ ಸ್ಥಳದಲ್ಲಿ ಇಂಥ 40,000 ಕಂಬಗಳಿವೆ. ಅಷ್ಟು ದೂರವೇಕೆ, ಮುಂಬಯಿಯ ಅಂಧೇರಿಯಲ್ಲಿ ಗಿಲ್ಬರ್ಟ್ ಗುಡ್ಡವೆಂಬುದು ನಮ್ಮ ದಖ್ಖನ್ ಲಾವಾದ್ದೇ ಕಂಬಗಳ ಗುಡ್ಡ. ಸುಮಾರು 60 ಮೀಟರು ಎತ್ತರ, ಸುತ್ತಲೂ ಮನೆಗಳ ಮುತ್ತಿಗೆ. ನಮ್ಮ ಕರಿಕಲ್ಲಿಗೂ ಮಲ್ಪೆಯ ಕಲ್ಲಿಗೂ ಒಂದು ವ್ಯತ್ಯಾಸವುಂಟು. ಬಸಾಲ್ಟಿನಲ್ಲಿ ಸಿಲಿಕಾ ಕಡಿಮೆ, ಸುಮಾರು ಅರ್ಧ ಪಾಲು. ಆದುದರಿಂದ ಅದು ತೆಳ್ಳಗಿನ ಪಾಕದಂತೆ ಬಹುದೂರ ಹರಿಯಿತು. ಮಲ್ಪೆಯ ಲಾವಾದಲ್ಲಿ ಸಿಲಿಕಾ ಹೆಚ್ಚು. ಅದು ಗಟ್ಟಿ ಬೆಲ್ಲದ ಪಾಕದಂತೆ ನಿಧಾನವಾಗಿ ಸರಿದು ನಿಂತಿತು. ಅದರ ಮೈಬಣ್ಣವೂ ನಮ್ಮ ಕಲ್ಲಿನಷ್ಟು ಕಪ್ಪಲ್ಲ.

ಅಗಲಿಕೆಯ ಗುರುತು

ಈ ಲಾವಾ ಉಕ್ಕಿದ ಕಾರಣವನ್ನು ತಿಳಿದಾಗ ನನಗಾದ ಆಶ್ಚರ್ಯ ಕಂಬಗಳನ್ನು ಕಂಡಾಗಿನದಕ್ಕಿಂತ ಹೆಚ್ಚಿನದು. ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ಎಂಬ ದೊಡ್ಡ ದ್ವೀಪವು ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಎರಡರ ನಡುವೆ ನೆಲ ಸೀಳಿತು. ಆ ಸೀಳಿಕೆಯ ಕಾಲದಲ್ಲಿ ಕೆಳಗಿನಿಂದ ಉಕ್ಕಿದ ಲಾವಾ ಮಡಗಾಸ್ಕರಿನಲ್ಲಿ ವಿಶಾಲವಾಗಿ ಹರಡಿತು. ನಮ್ಮ ಕಡೆ ಉಳಿದುದರಲ್ಲಿ ಮಲ್ಪೆಯ ಈ ಚಿಕ್ಕ ನಡುಗಡ್ಡೆಗಳು ಮುಖ್ಯವಾದುವು. ಬಳಿಕ ಭಾರತದ ಭೂಖಂಡ ಉತ್ತರಕ್ಕೆ ತೇಲುತ್ತ ಸಾಗಿತು. ಇಂದು ರಿಯೂನಿಯನ್ ದ್ವೀಪವಿರುವೆಡೆಯ ಬಿಸಿತಾಣದ ಮೇಲೆ ಹಾಯುವಾಗ ನಮ್ಮ ದಖ್ಖನ್ ಲಾವಾ ಉಕ್ಕಿತೆಂದು ಬಹುಮಂದಿ ವಿಜ್ಞಾನಿಗಳ ಮತ. ಮುಂದೆ, ಸುಮಾರು 5 ಕೋಟಿ ವರ್ಷಗಳ ಹಿಂದೆ, ಏಷ್ಯಕ್ಕೆ ಒತ್ತಿ ನಿಂತು ಹಿಮಾಲಯವನ್ನೆತ್ತಿತು. ಮಲ್ಪೆಯ ಕಂಬ ಈ ಪಯಣದ ಮೊದಲ ಮೈಲುಗಲ್ಲು. ಮೈಂದರ್ಗಿಯ ಬಾವಿಯ ಕಲ್ಲು ಎರಡನೆಯದು.

ಒಂದು ನೆಲ ಎರಡಾದಾಗ ಎರಡೂ ದಡಗಳ ಕಲ್ಲು ಅದೇ ಗುರುತನ್ನು ಉಳಿಸಿಕೊಂಡಿವೆ. ನಡುವೆ ಸಾವಿರಾರು ಮೈಲು ಸಮುದ್ರ ಬಂದರೂ, ಈ ಕಲ್ಲನ್ನೂ ಆ ಕಲ್ಲನ್ನೂ ಪರೀಕ್ಷಿಸಿದವರು ಇವು ಒಂದೇ ಒಡಲಿನವೆಂದು ಹೇಳಬಲ್ಲರು. 1956ರ ರಾಜ್ಯಗಳ ಪುನರ್ವಿಂಗಡಣೆಯವರೆಗೆ ಈ ದ್ವೀಪ ಮದರಾಸು ರಾಜ್ಯದಲ್ಲಿತ್ತು, ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಅನಂತರ ಅದು ಮೈಸೂರು ರಾಜ್ಯಕ್ಕೆ ಸೇರಿತು, ನಾವು ಇದ್ದಲ್ಲಿಯೇ ಉಳಿದೆವು. ಮಲ್ಪೆಯ ದೋಣಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಕುಂದಾಪುರದ ಕುಟುಂಬದವರು, ಮಹಾರಾಷ್ಟ್ರದಿಂದ ಬಂದವರು ಕನ್ನಡ ಆಡುವುದನ್ನು ಕೇಳಿ ಬೆರಗಾದರು. ಅವರ ಕನ್ನಡದ ಅರ್ಧ ಮಾತು ನನಗೆ ತಿಳಿಯಲಿಲ್ಲ, ನನ್ನ ಅರ್ಧ ಮಾತು ಅವರಿಗೆ ತಿಳಿಯಲಿಲ್ಲ. ಆದರೂ ದಡ ಸೇರುವಷ್ಟರಲ್ಲಿ ನಮ್ಮ ಶೇಂಗಾ ಚಟ್ನಿ ಅವರ ಕೈಗೂ ಅವರ ಬಾಳೆಹಣ್ಣು ನಮ್ಮ ಕೈಗೂ ಬಂದಿತ್ತು. ನಮ್ಮ ಮಕ್ಕಳು ಇದನ್ನೂ ಕಣ್ಣಾರೆ ಕಾಣಬೇಕೆಂಬುದು ನನ್ನ ಇಚ್ಛೆ. ತಾವು ಮನೆಯಲ್ಲಿ ಆಡುವ ನುಡಿ ಅಷ್ಟು ದೂರದ ಕಡಲ ದಂಡೆಯವರೆಗೂ ಹಬ್ಬಿದೆಯೆಂಬುದು ಅವರಿಗೆ ಪಾಠದಿಂದ ತಿಳಿಯುವ ವಿಷಯವಲ್ಲ.

ಕೊಟ್ಟ ಮಾತು

ಇನ್ನು ಎಚ್ಚರಿಕೆಯ ಮಾತು. ಈ ದ್ವೀಪದ ಅಂದವೇ ಅದರ ಅಪಾಯವೂ ಹೌದು. ಕಂಬಗಳ ತಲೆ ಮೆಟ್ಟಿಲಿನಂತಿರುವುದರಿಂದ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತ ನೀರಿನವರೆಗೆ ಹೋಗಿಬಿಡುವ ಆಸೆಯಾಗುತ್ತದೆ. ನೀರು ತಾಕುವ ಕಲ್ಲಿನ ಮೇಲೆ ಪಾಚಿ ಕಟ್ಟಿ ಎಣ್ಣೆ ಸುರಿದಂತೆ ಜಾರುತ್ತದೆ. ಹತ್ತು ಅಲೆಗಳು ಚಿಕ್ಕವಾಗಿ ಬಂದರೆ ಹನ್ನೊಂದನೆಯದು ದೊಡ್ಡದಾಗಿ ಬರಬಹುದು. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಅವರು ಚಿಕ್ಕ ಮಕ್ಕಳಾಗಿರಲಿಲ್ಲ, ಬುದ್ಧಿ ತಿಳಿದ ತರುಣರು. ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರು ತಮಗೆ ಈಜು ಬರುತ್ತದೆಂದು ಬೀಗುವುದುಂಟು. ಬಾವಿಯ ನೀರು ನಿಂತ ನೀರು. ಕಡಲಿನ ನೀರು ಎಳೆಯುವ ನೀರು. ಆ ವಿದ್ಯೆ ಇಲ್ಲಿ ಸಾಲದು.

ಆದುದರಿಂದ ನಮ್ಮ ಗುಂಪಿಗೆ ಇವು ಕಟ್ಟುಪಾಡುಗಳು. ಆರು ಮಕ್ಕಳಿಗೆ ಒಬ್ಬ ಹಿರಿಯರು. ಆ ಹಿರಿಯರ ಕಣ್ಣಳತೆಯಿಂದ ಮಗು ಆಚೆ ಹೋಗತಕ್ಕದ್ದಲ್ಲ. ದೋಣಿಯಲ್ಲಿ ಎಲ್ಲರೂ, ಹಿರಿಯರೂ ಸಹ, ಜೀವರಕ್ಷಕ ಅಂಗಿಯನ್ನು ತೊಡಬೇಕು. ಒದ್ದೆಯಾದ ಕಲ್ಲಿನ ಮೇಲೆ ಯಾರೂ ಕಾಲಿಡತಕ್ಕದ್ದಲ್ಲ. ಒಣಗಿದ ಕಲ್ಲು ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ನಮ್ಮ ಸೀಮೆ ಮುಗಿಯಿತು. ಕಾವಲುಗಾರರು ಊದುವ ಸೀಟಿಗೆ ಮರುಮಾತಿಲ್ಲ. ಫೋಟೋ ತೆಗೆಯುವವರು ಕಡಲಿಗೆ ಬೆನ್ನು ಮಾಡಿ ನಿಲ್ಲತಕ್ಕದ್ದಲ್ಲ. ಕಲ್ಲಿನ ಚೂರನ್ನೂ ಜೇಬಿಗೆ ಹಾಕಿಕೊಳ್ಳಬಾರದು, ಹೆಸರು ಕೆತ್ತಬಾರದು. ಒಂಬತ್ತು ಕೋಟಿ ವರ್ಷ ಉಳಿದುದು ನಮ್ಮ ಒಂದು ಗಂಟೆಯಲ್ಲಿ ಕೆಡಬಾರದು.

ದಿನವನ್ನು ಗೊತ್ತುಮಾಡುವಾಗ ಪಂಚಾಂಗವನ್ನೂ ನೋಡಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ಕಡಲಿನ ಉಬ್ಬರವಿಳಿತ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಉಬ್ಬರದಿಂದ ಉಬ್ಬರಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಅಷ್ಟಮಿಯ ಸಮೀಪದ ಶನಿವಾರವನ್ನು ಆರಿಸಿದರೆ ನೀರು ಶಾಂತವಾಗಿರುವ ಸಂಭವ ಹೆಚ್ಚು.

ದಿನಚರಿ

ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಮೈಂದರ್ಗಿಯಿಂದ ಬಸ್ಸು ಹೊರಡುವುದು. ಹೀಗೆ ಹೊರಟರೆ ಕೃಷ್ಣೆಯ ಸೇತುವೆ, ಕೆರೂರಿನ ಕೆಂಪು ಗುಡ್ಡ ಇವೆಲ್ಲ ಹಗಲಿನಲ್ಲಿಯೇ ಸಿಗುತ್ತವೆ. ರಾತ್ರಿ ಊಟ ಹುಬ್ಬಳ್ಳಿಯಲ್ಲಿ. ಘಟ್ಟವನ್ನು ನಿದ್ರೆಯಲ್ಲಿ ಇಳಿದು, ಶನಿವಾರ ಬೆಳಗಿನ ಜಾವ ಉಡುಪಿ. ಸ್ನಾನ, ಉಪಾಹಾರ ತೀರಿಸಿ 9 ಗಂಟೆಯ ಹೊತ್ತಿಗೆ ಮಲ್ಪೆಯ ಬಂದರು. ದ್ವೀಪದಲ್ಲಿ ಎರಡು ಗಂಟೆ ಸಾಕು. ಬಿಸಿಲೇರುವ ಮೊದಲೇ, ಮಧ್ಯಾಹ್ನದೊಳಗೆ ಮರಳಿ ದಡಕ್ಕೆ. ಊಟದ ಬಳಿಕ ಶ್ರೀಕೃಷ್ಣಮಠದ ದರ್ಶನ. ಸಂಜೆ 5 ಗಂಟೆಗೆ ಹೊರಟರೆ ರವಿವಾರ ಬೆಳಿಗ್ಗೆ ಊರು.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಎರಡು ದಿನ ಕೆಡುವ ಭಯವಿಲ್ಲ. ಆದರೆ ದ್ವೀಪದ ಮೇಲೆ ಬುತ್ತಿ ಬಿಚ್ಚುವುದು ಬೇಡ. ಪ್ಲಾಸ್ಟಿಕ್ ಚೀಲಗಳಂತೂ ಬೇಡವೇ ಬೇಡ. ಕುಡಿಯುವ ನೀರನ್ನು ಲೋಹದ ಬಾಟಲಿಯಲ್ಲಿ ಒಯ್ಯಬೇಕು; ಸುತ್ತಲೂ ನೀರಿದ್ದರೂ ಗುಟುಕರಿಸಲು ಬರುವ ನೀರಲ್ಲ. ತಲೆಗೆ ಟೋಪಿ ಅಥವಾ ಸೆರಗು, ಕಾಲಿಗೆ ಜಾರದ ಬೂಟು, ದೋಣಿಯಲ್ಲಿ ಹೊಟ್ಟೆ ತೊಳಸುವವರಿಗೆ ಒಂದು ನಿಂಬೆಹಣ್ಣು. ಪ್ರತಿ ಮಗುವಿನ ಕೈಯಲ್ಲಿ ಒಂದು ವಹಿ, ಪೆನ್ಸಿಲು, ಒಂದು ಮೊಳ ದಾರ. ದಾರದಿಂದ ಕಂಬದ ಪ್ರತಿಯೊಂದು ಬದಿಯನ್ನು ಅಳೆದು ಬರೆದುಕೊಳ್ಳಬೇಕು. ಹತ್ತು ಕಂಬಗಳ ಮೂಲೆಗಳನ್ನು ಎಣಿಸಬೇಕು.

ಊರಿಗೆ ಮರಳಿದ ಮೇಲೆ ಇನ್ನೊಂದು ಕೆಲಸವುಂಟು. ಅದೇ ವಹಿಯನ್ನು ಹಿಡಿದು ಪ್ರತಿ ಮಗುವೂ ಹಿರಿಯರೊಡನೆ ತನ್ನ ಹೊಲದ ಬಾವಿಯ ಬಳಿಗೆ ಹೋಗಬೇಕು. ಕಟ್ಟೆಯ ಹೊರಗೆ ನಿಂತೇ ಒಳಗೋಡೆಯನ್ನು ನೋಡಬೇಕು: ಎರೆ ಎಷ್ಟು ಆಳ, ಮುರುಮು ಎಲ್ಲಿಂದ, ಕರಿಕಲ್ಲು ಎಲ್ಲಿಂದ? ಕಲ್ಲಿನಲ್ಲಿ ಗುಳ್ಳೆಯಂಥ ರಂಧ್ರಗಳಿವೆಯೇ? ಅವು ಲಾವಾದಿಂದ ಹೊರಬಿದ್ದ ಗಾಳಿಯ ಗುರುತು. ಅವುಗಳಲ್ಲಿ ಬಿಳಿಯ ಹರಳು ತುಂಬಿದೆಯೇ? ಎರಡು ಕಲ್ಲಿನ ಪದರಗಳ ನಡುವೆ ಕೆಂಪು ಮಣ್ಣಿನ ಪಟ್ಟಿ ಕಂಡರೆ, ಒಂದು ಲಾವಾ ಹರಿದು ನಿಂತ ಮೇಲೆ ಇನ್ನೊಂದು ಬರುವವರೆಗೆ ಅಲ್ಲಿ ಮಣ್ಣಾಗುವಷ್ಟು ಕಾಲ ಕಳೆಯಿತೆಂದು ತಿಳಿಯಬೇಕು. ಬಾವಿಯ ಸೆಲೆ ಒಸರುವುದು ಹೆಚ್ಚಾಗಿ ಇಂಥ ಸಂದುಗಳಿಂದ ಮತ್ತು ಬಿರುಕುಗಳಿಂದಲೇ. ಹೊಸ ಬಾವಿ ತೋಡಿಸುವ ರೈತನಿಗೆ ಈ ತಿಳಿವಳಿಕೆ ನಾಲ್ಕು ಕಾಸಿನ ಲಾಭವನ್ನೂ ತಂದೀತು. ಸಭೆಯಲ್ಲಿ ಎದ್ದು ಕೇಳಿದ ಯಜಮಾನರಿಗೆ ಈ ಉತ್ತರವನ್ನು ಅವರ ಮೊಮ್ಮಗನೇ ಕೊಡಲಿ.

ಬರಲಿಚ್ಛಿಸುವ ತಾಯಂದಿರು ದೀಪಾವಳಿಯ ರಜೆಗೆ ಮುಂಚೆ ಶಾಲೆಯಲ್ಲಿ ಹೆಸರು ಬರೆಸಬೇಕು. ಎಂಬತ್ತು ದಾಟಿದ ಒಬ್ಬ ಅಜ್ಜಿಯೂ ಈಗಾಗಲೇ ಹೆಸರು ಬರೆಸಿದ್ದಾರೆ. ದೋಣಿಯಿಂದ ಇಳಿಯುವಾಗ ಕೈ ಹಿಡಿಯಲು ಇಬ್ಬರು ಗಟ್ಟಿ ಹುಡುಗರನ್ನು ಅವರ ಪಾಲಿಗೆ ಗೊತ್ತುಮಾಡಿದ್ದೇನೆ.